ಮುಯ್ಯಿಗೆ ಬಂದ ಗೆಳತಿ

ನನಗೆ ಒಂದು ಕಡೆ ನೆಟ್ಟಗೆ ಕೂರಲು ಬರುವುದಿಲ್ಲ. ಇದೇನು ಮಹಾ ಸಂಗತಿ ಎಂದು ನೀವು ಕೇಳಬಹುದು. ಆದರೆ ನಮ್ಮ ಕನ್ನಡ ಮೇಷ್ಟರು ‘ನನಗೆ ಪ್ರಿಯವಾದವು’ ಎಂಬ ವಿಷಯದ ಮೇಲೆ ಎರಡು ಪುಟ ಬರೆದು ತನ್ನಿ ಎಂದ ದಿನದಿಂದ ನಾನು ಜಗಲಿಗೂ ಹಿತ್ತಿಲಿಗೂ ಪ್ರದಕ್ಷಿಣೆ ಹಾಕುತ್ತಿರುವುದನ್ನು ಕಂಡಿದ್ದರೆ, ಅವ್ವ ದಯಪಾಲಿಸಿರುವ ‘ಅಂಡು ಸುಟ್ಟ ಬೆಕ್ಕು’ ಎಂಬ ಬಿರುದನ್ನು ನೀವೂ ಅನುಮೋದಿಸುತ್ತಿದ್ದಿರಿ.

ಹಾಗೆಂದು ನನ್ನ ಪ್ರಿಯವಸ್ತುಗಳಿಗೆ ಬರವೇನಿಲ್ಲ. ಕಂಪಲಾಪುರದಲ್ಲಿ ಹತ್ತಿ ಹುಣಸೂರಿನ ಕಾಲೇಜು ಸೇರುವವರೆಗಿನ ಬಸ್ಸಿನ ಕಿಟಕಿ ಸೀಟು, ಗಾಡಿಯವನನ್ನು ಕಾಡಿಬೇಡಿ ಈರುಳ್ಳಿ ಹೆಚ್ಚಿಗೆ ಹಾಕಿಸಿಕೊಂಡ ಚುರುಮುರಿ, ಮೇಷ್ಟರು ರಜೆ ಹಾಕಿದ್ದರಿಂದ ಅನಾಯಾಸವಾಗಿ ಲಭಿಸಿದ ಮೊದಲ ಪಿರಿಯಡ್ಡು. ತೊಂದರೆ ಏನೆಂದರೆ, ಇವುಗಳಲ್ಲಿ ಯಾವುದನ್ನು ನೆನೆದರೂ ಅದರ ಅರ್ಧ ಭಾಗದಲ್ಲಿ ಪವಿತ್ರ ಕೂತಿರುತ್ತಾಳೆ. ಆ ಪವಿತ್ರ ನನ್ನ ಜೊತೆ ಮಾತು ಬಿಟ್ಟು ಒಂದು ವಾರವಾಗಿತ್ತು.

ಪವಿತ್ರ ಪಕ್ಕದೂರಿನವಳು. ಬಸ್ಸು ಮೊದಲು ಅವಳೂರಿಗೆ ಬರುವುದರಿಂದ ನನಗೊಂದು ಸೀಟು ಹಿಡಿದಿಡುವುದು ಡಿಗ್ರಿ ಸೇರಿದ ಮೊದಲ ವಾರದಿಂದ ಅವಳ ನಿತ್ಯವ್ರತ. ಆ ಸೋಮವಾರ ನನ್ನ ಜಾಗದಲ್ಲಿ ಇನ್ನೊಬ್ಬ ಹುಡುಗಿ ಕೂತಿದ್ದಳು. ‘ಅವಳ ಜೊತೇಲೇ ಇರು ಬುಡು’ ಎಂದೆ. ‘ಇರ್ತೀನಿ ಬುಡು’ ಎಂದಳು. ಅಷ್ಟೇ. ಸಾಮ್ರಾಜ್ಯಗಳು ಇದಕ್ಕಿಂತ ಘನವಾದ ಕಾರಣಕ್ಕೆ ಪತನವಾಗಿರಬಹುದು, ನಮ್ಮ ಸ್ನೇಹಕ್ಕೆ ಎರಡು ‘ಬುಡು’ ಸಾಕಾದವು.

ಅಷ್ಟರಲ್ಲಿ ಭಾನುವಾರ ಬಂತು. ನಮ್ಮ ಕಡೆ ಅದು ಹೊಗೆಸೊಪ್ಪಿನ ಕಾಲ. ಬೆಳಿಗ್ಗೆ ಮುರಿದ ಸೊಪ್ಪನ್ನು ಸಂಜೆಯೊಳಗೆ ಕಡ್ಡಿಗೆ ಕಟ್ಟಿ, ಬೆಂಕಿಯ ಕಾವಿನಲ್ಲಿ ಬೇಯಿಸುವ ಬ್ಯಾರನ್ನೆಂಬ ಮನೆಗೆ ಏರಿಸಲೇಬೇಕು. ಯಾವ ಮನೆಯಲ್ಲೂ ಅಷ್ಟು ಕೈಗಳಿರುವುದಿಲ್ಲ. ಆದ್ದರಿಂದ ಇಂದು ನಾವು ನಿಮ್ಮ ಮನೆಗೆ, ನಾಳೆ ನೀವು ನಮ್ಮ ಮನೆಗೆ ಎಂಬ ಮುಯ್ಯಾಳಿನ ಪದ್ಧತಿ. ಜಗಳಕ್ಕೆ ಮುಂಚಿನ ಭಾನುವಾರ ನಾನು ಪವಿತ್ರಳ ಮನೆಯಲ್ಲಿ ಸೊಪ್ಪು ಕಟ್ಟಿ ಬಂದಿದ್ದೆ. ಈಗ ಅವರ ಮನೆಯಿಂದ ಒಬ್ಬರು ಬರಬೇಕು.

ಒಬ್ಬರು! ನನ್ನ ಸಂಕಟವೆಲ್ಲ ಆ ಪದದಲ್ಲಿತ್ತು. ಮುಯ್ಯಿ ಮನೆಮನೆಯ ನಡುವಿನದು, ಮನುಷ್ಯರ ಹೆಸರನ್ನು ಅದು ಕೇಳುವುದಿಲ್ಲ. ಅವಳ ಅಣ್ಣ ಬಂದರೂ, ಅತ್ತಿಗೆ ಬಂದರೂ ಮುಯ್ಯಿ ಮುಯ್ಯಿಯೇ. ಪವಿತ್ರ ಬಾರದೆ ಬೇರೆಯವರನ್ನು ಕಳಿಸಿದರೆ ಊರಿನ ದೃಷ್ಟಿಯಲ್ಲಿ ಯಾವ ಲೋಪವೂ ಇಲ್ಲ. ನನಗೆ ಮಾತ್ರ ಅಲ್ಲಿಗೆ ಎಲ್ಲ ಮುಗಿದ ಹಾಗೆ.

‘ಅವ್ವ, ಅವರ ಮನೆಯಿಂದ ಯಾರು ಬತ್ತಾರೆ?’

‘ಯಾರಾರ ಬರ್ಲಿ. ಸೊಪ್ಪು ಬೆಟ್ಟದಂಗೆ ಬಿದ್ದದೆ. ನಿಮ್ ಮುನಿಸ ಕಾಲೇಜಲ್ಲೇ ಮಡಿಕ್ಕಳಿ.’

ಮೊಬೈಲಿನಲ್ಲಿ ‘ಬತ್ತೀಯಾ?’ ಎಂದು ಬರೆದೆ, ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಸ್ವಾಭಿಮಾನ ಎಂಬುದು ಇರುವಷ್ಟು ಹೊತ್ತು ಕೈಗಳಿಗೂ ವಿಶ್ರಾಂತಿ ಇಲ್ಲ. ಬೇಲಿಯ ತನಕ ಹೋಗಿ ನೋಡಿದೆ, ಬಂದೆ, ನೀರು ಕುಡಿಯುವ ನೆಪದಲ್ಲಿ ಮತ್ತೆ ಹೋದೆ. ಕೊನೆಗೆ ದಾರಿಯಲ್ಲಿ ಗೀಟುಗೀಟಿನ ತುಂಬುತೋಳಿನ ಅಂಗಿಯೊಂದು ಕಾಣಿಸಿತು. ಅದು ಅವಳ ಅಣ್ಣನ ಅಂಗಿ. ನನಗೆ ಚೆನ್ನಾಗಿ ಗೊತ್ತು. ಇನ್ನೇನು ನೋಡುವುದೆಂದು ಒಳಗೆ ತಿರುಗುವಷ್ಟರಲ್ಲಿ ಅವ್ವ, ‘ಬಾ ಮಗ, ಅಟ್ಟಿಲಿ ಎಲ್ಲಾ ಚೆಂದಾಗವ್ರಾ?’ ಎಂದಳು. ತಿರುಗಿ ನೋಡಿದರೆ, ಸೊಪ್ಪಿನ ಅಂಟು ಮೈಗೆ ಹತ್ತದಿರಲೆಂದು ಅಣ್ಣನ ಹಳೇ ಅಂಗಿ ತೊಟ್ಟು ಪವಿತ್ರಳೇ ಬಂದಿದ್ದಳು.

ಬಂದಳು ನಿಜ, ಆದರೆ ನನ್ನ ಕಡೆ ನೋಡಲಿಲ್ಲ. ಅವ್ವನ ಜೊತೆ ಮಾತಾಡಿದಳು, ಕರುವಿನ ಜೊತೆಗೂ ಮಾತಾಡಿದಳು. ಇರಲಿ. ಸೊಪ್ಪು ಕಟ್ಟುವುದು ಇಬ್ಬರ ಕೆಲಸ: ಒಬ್ಬರು ಎರಡೆರಡು ಎಲೆ ಜೋಡಿಸಿ ಕೊಡಬೇಕು, ಇನ್ನೊಬ್ಬರು ದಾರದಲ್ಲಿ ಸುತ್ತಿ ಬಿಗಿಯಬೇಕು. ನಾನೋ ಎಡಚಿ. ನನಗೆ ಎಲೆ ಕೊಡಲು ಬರುವವರೆಲ್ಲ ರೂಢಿಯಂತೆ ಬಲಗಡೆ ಕೂತು, ನನ್ನನ್ನು ಹಗ್ಗದಂತೆ ತಿರುಚಿ, ಕೊನೆಗೆ ತಾವೇ ಬೇಸತ್ತು ಎದ್ದು ಹೋಗುತ್ತಾರೆ. ಪವಿತ್ರ ಮಾತಿಲ್ಲದೆ ಗೋಣಿಚೀಲವನ್ನು ಎಳೆದುಕೊಂಡು ನನ್ನ ಎಡಗಡೆಗೆ ಬಂದು ಕೂತಳು. ಎಲೆಯ ತೊಟ್ಟುಗಳನ್ನು ನನ್ನ ಕೈಗೆ ಸರಿಯಾಗಿ ತಿರುಗಿಸಿ ಚಾಚಿದಳು.

ನನಗೆ ಅಳು ಬಂತು. ಸೊಪ್ಪಿನ ಘಾಟಿನ ಮೇಲೆ ಹೊರಿಸಿ ಕಣ್ಣೊರೆಸಿಕೊಳ್ಳಲು ಹೋಗಿ, ಅಂಟುಗೈ ತಗುಲಿ ನಿಜವಾಗಿಯೂ ಉರಿಯತೊಡಗಿತು. ಅವಳು ತನ್ನ ಅಂಗಿಯ ತೋಳಿನಿಂದ ನನ್ನ ಕಣ್ಣೊರೆಸಿ, ಮುಂದಿನ ಎಲೆ ಕೊಟ್ಟಳು. ಅಂಡು ಸುಟ್ಟ ಬೆಕ್ಕು ಅಂದು ಸಂಜೆಯವರೆಗೂ ಕೂತ ಜಾಗ ಬಿಟ್ಟು ಕದಲಲಿಲ್ಲ.

ಕಡೆಯ ಕಡ್ಡಿ ಬ್ಯಾರನ್ನಿಗೆ ಏರಿದಾಗ ಅವ್ವ ನಿಟ್ಟುಸಿರು ಬಿಟ್ಟು, ‘ಅಂತೂ ನಿಮ್ದೂ ನಮ್ದೂ ಮುಯ್ಯಿ ತೀರ್ತು ಕಣವ್ವ’ ಎಂದಳು. ಅವ್ವನ ಪಾಲಿಗೆ ಅದು ಸಮಾಧಾನದ ಮಾತು. ನನಗೆ ಮಾತ್ರ ದಿಗಿಲಾಯಿತು. ತೀರಿಹೋದರೆ ನಾಳೆ ಅವಳು ಬರಬೇಕಾಗಿಲ್ಲ, ನಾನು ಹೋಗಬೇಕಾಗಿಲ್ಲ. ಸ್ನೇಹದಲ್ಲಿ ಒಬ್ಬರ ಕಡೆ ಸ್ವಲ್ಪ ಬಾಕಿ ಇರಬೇಕೆಂದು ಅರ್ಥವಾದದ್ದು ಆಗಲೇ.

‘ಬರೋ ಭಾನುವಾರ ನಿಮ್ಮನೆಗೆ ಬತ್ತೀನಿ ಕಣೇ’ ಎಂದೆ. ವಾರದಲ್ಲಿ ಅವಳೊಡನೆ ಆಡಿದ ಮೊದಲ ಮಾತು.

ಅವಳು ಅಂಗೈಯ ಕರಿ ಅಂಟನ್ನು ಉಜ್ಜುತ್ತಾ, ‘ನಮ್ಮನೇಲಿ ಆ ವಾರ ಸೊಪ್ಪು ಮುರಿಯಲ್ಲ’ ಎಂದಳು.

ಅವಳು ಚಪ್ಪಲಿ ಮೆಟ್ಟಿ ಬೇಲಿಯ ತನಕ ಹೋದವಳು ತಿರುಗಿ ನಿಂತಳು.

‘ಬಾರೇ. ನೀನು ಬರಾಕೆ ಸೊಪ್ಪೇ ಇರ್ಬೇಕಾ?’