ಹಬೀಬುಲ್ಲಾ ಮಿಸ್ತ್ರಿಯ ಎರಡು ಬಿದಿರು ಕಡ್ಡಿ

ಅಕ್ಷರ ಬಾರದವನನ್ನು ಪೆದ್ದ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನೇ ಮೇಷ್ಟ್ರು, ತೆರಕಣಾಂಬಿಯ ಶಾಲೆಯಲ್ಲಿ ಅಕ್ಷರ ಕಲಿಸಿ ಹೊಟ್ಟೆ ಹೊರೆದವನು. ಆದರೂ ಹೇಳುತ್ತೇನೆ, ಗುಂಡ್ಲುಪೇಟೆಯ ಹಬೀಬುಲ್ಲಾ ಮಿಸ್ತ್ರಿಯಷ್ಟು ಅಳತೆ ಬಲ್ಲವನು ನಮ್ಮ ತಾಲ್ಲೂಕಿನಲ್ಲಿ ಇರಲಿಲ್ಲ.

ಊಟಿ ರಸ್ತೆಯ ಹುಣಸೆಮರದ ಕೆಳಗೆ ಅವನ ಶೆಡ್ಡು. ಅಂಗುಲ, ನೂಲಿನ ಲೆಕ್ಕ ಒಂದೂ ಅವನಿಗೆ ಬೇಡ. ಪ್ರತಿ ಅಳತೆಗೂ ಒಂದು ಬಿದಿರು ಕಡ್ಡಿ ಸೀಳಿ, ಉದ್ದಕ್ಕೆ ಸರಿಯಾಗಿ ಕತ್ತರಿಸಿ ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಿದ್ದ. "ಮನುಸ ಸುಳ್ಳು ಯೋಳ್ತಾನೆ ಮೇಷ್ಟ್ರೇ, ಕಡ್ಡಿ ಯೋಳಲ್ಲ" ಎನ್ನುತ್ತಿದ್ದ. ಒಂದು ಕಾರಿನ ಭಾಗವನ್ನು ಇನ್ನೊಂದಕ್ಕೆ ಹೊಂದಿಸುವುದರಲ್ಲಿ ಎತ್ತಿದ ಕೈ. ಹೊಂದದಿದ್ದರೆ ಹೊಂದುವುದಿಲ್ಲ ಎಂದು ಯಾರ ಮುಖಕ್ಕಾದರೂ ಹೇಳಿಬಿಡುತ್ತಿದ್ದ.

ಐವತ್ತಾರನೇ ಇಸವಿಯ ನವರಾತ್ರಿ. ನಮ್ಮೂರ ಜಮೀನ್ದಾರ ಗುರುಪಾದಸ್ವಾಮಿಯವರ ಹಳೆಯ ಮಾರಿಸ್ ಮೈನರ್ ಕಾರಿನ ಇಂಜಿನ್ ಕೈಕೊಟ್ಟಿತ್ತು. ಘಟ್ಟದಲ್ಲಿ ಉರುಳಿದ್ದ ಹೊಸ ಮೈನರಿನ ಇಂಜಿನ್ನನ್ನು ಮೈಸೂರಿನ ದಲ್ಲಾಳಿಯೊಬ್ಬನಿಂದ ಕೊಂಡು ತಂದು, ಅಂಗಳದಲ್ಲಿ ಇಳಿಸಿ, ಮಿಸ್ತ್ರಿಯನ್ನು ಕರೆಸಿದರು. ಅವರ ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದ ನಾನು ಜಗಲಿಯಲ್ಲೇ ಇದ್ದೆ.

ಮಿಸ್ತ್ರಿ ಸುತ್ತ ಒಂದು ಸಲ ನೋಡಿದ. "ಬುದ್ಧೀ, ಇದರ ಗೇರ್ ಬಾಕ್ಸ್ ಎಲ್ಲಿ?"

"ಅದ್ಯಾಕ್ಲಾ ಸಾಬಿ? ನಮ್ ಕಾರಲ್ಲೇ ಅದೆಯಲ್ಲ. ಅದೂ ಮೈನರ್ರು, ಇದೂ ಮೈನರ್ರು. ಒಂದೇ ಮನೆತನ."

"ಎಸರು ಒಂದೇಯ ಬುದ್ಧೀ, ಒಟ್ಟೆ ಬ್ಯಾರೆ. ಹಳೇ ಗೇರ್ ಬಾಕ್ಸು ಈ ಇಂಜಿನ್‌ಗೆ ಕೂರಕಿಲ್ಲ. ಬೋಲ್ಟಿನ ತೂತೇ ಬ್ಯಾರೆ ಜಾಗದಲ್ಲಿ ಅವೆ."

ದಲ್ಲಾಳಿ ಗೇರ್ ಬಾಕ್ಸನ್ನೂ ಕೊಡುತ್ತೇನೆ ಎಂದಿದ್ದನಂತೆ. ಮನೆಯಲ್ಲಿ ಒಂದಿದೆ, ಎರಡೆರಡು ಯಾಕೆ ಎಂದು ಇವರೇ ಬಿಟ್ಟು ಬಂದಿದ್ದರು. ತಪ್ಪು ಒಪ್ಪಿಕೊಳ್ಳುವ ಬಾಯಿ ಅದಲ್ಲ. "ಆಯುಧಪೂಜೆಗೆ ಕಾರು ರೆಡಿ ಇರ್ಬೇಕು, ಏನಾರ ಮಾಡು" ಎಂದು ಒಳಗೆ ಹೋದರು.

ಮಿಸ್ತ್ರಿ ಕಮ್ಮಾರನ ಹತ್ತಿರ ದಪ್ಪನೆಯ ಕಬ್ಬಿಣದ ಹಲಗೆ ಕೊರೆಸಿ ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಇಟ್ಟ. ಬೋಲ್ಟುಗಳು ಕೂತವು. ಆದರೆ ಹಲಗೆಯ ದಪ್ಪದಷ್ಟು ಗೇರ್ ಬಾಕ್ಸ್ ಹಿಂದೆ ಸರಿದು, ಅದರ ಶಾಫ್ಟಿನ ತುದಿ ಇಂಜಿನ್ನಿನ ಗುಳಿಯನ್ನು ಮುಟ್ಟಲಿಲ್ಲ. ಒಂದು ಬೆರಳಗಲ ಕಡಿಮೆ. ಆಧಾರವಿಲ್ಲದ ಶಾಫ್ಟು ತಿರುಗಿದರೆ ಅದುರಿ ಎಲ್ಲವನ್ನೂ ಒಡೆಯುತ್ತದೆ. ಮೈಸೂರಿನ ಲೇತಿನಲ್ಲಿ ಆ ಸಂದಿ ತುಂಬುವ ಹಿತ್ತಾಳೆಯ ಬುಷ್ ಮಾಡಿಸಬೇಕು, ಹಬ್ಬ ಕಳೆಯದೆ ಅದು ಬರುವುದಿಲ್ಲ. ಆಯುಧಪೂಜೆಯ ದಿನವಂತೂ ನಮ್ಮ ಕಡೆ ಯಾರೂ ಸ್ಪ್ಯಾನರ್ ಮುಟ್ಟುವುದಿಲ್ಲ, ಸಾಬರ ಶೆಡ್ಡಿನಲ್ಲೂ.

ಹಬ್ಬದ ಹಿಂದಿನ ದಿನ ಮಿಸ್ತ್ರಿ ಎರಡು ಕಡ್ಡಿಗಳನ್ನು ಕೆಂಪು ದಾರದಲ್ಲಿ ಕಟ್ಟಿ ಸ್ಟೇರಿಂಗಿಗೆ ತೂಗುಹಾಕಿದ. "ಇದು ಇರ್ಬೇಕಾದ ಉದ್ದ, ಇದು ಇರೋ ಉದ್ದ. ಎರಡೂ ಸಮ ಆಗಗಂಟ ಸ್ಟಾರ್ಟ್ ಮಾಡ್ಬ್ಯಾಡಿ ಬುದ್ಧೀ. ನಿಂಬೆಣ್ಣು ತುಳ್ಸಕೆ ಆಳುಗಳ ಕೈಲಿ ತಳ್ಳುಸ್ಬುಡಿ." ಗುರುಪಾದಸ್ವಾಮಿಗಳು ಹೂಂ ಎಂದರು. ನಾನು ನನ್ನ ಎರಡೂ ಕಿವಿಯಲ್ಲಿ ಕೇಳಿದೆ.

ಮಾರನೆಯ ದಿನ ಕಾರಿಗೆ ಸೇವಂತಿಗೆ ಹಾರ, ಕುಂಕುಮ, ಕರ್ಪೂರ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಡ್ರೈವರ್ ಪುಟ್ಟಮಾದಯ್ಯ ಆಳುಗಳೊಂದಿಗೆ ತಳ್ಳಲು ಹಿಂದೆ ಬಂದ. ಸ್ವಾಮಿಗಳಿಗೆ ಎಲ್ಲಿತ್ತೋ ರೋಷ.

"ತಗೀರ್ಲಾ ಕೈಯ! ನನ್ ಕಾರೇನು ಎತ್ತಿನ ಗಾಡಿಯೇನ್ಲಾ, ತಳ್ಳಕೆ?"

ತಾವೇ ಹತ್ತಿ ಕೂತು ಸ್ಟಾರ್ಟ್ ಮಾಡಿ ಗೇರ್ ಹಾಕಿದರು. ನಿಂಬೆಹಣ್ಣು ಪಿಚಕ್ಕೆಂದಿತು. ಕಾರು ನಾಲ್ಕು ಮಾರು ಹೋಗುವಷ್ಟರಲ್ಲಿ ಕೆಳಗೆ ಕಲ್ಲು ಒಡೆದಂಥ ಸದ್ದು. ಗೇರ್ ಬಾಕ್ಸ್ ಸೀಳಿ ಕಪ್ಪು ಎಣ್ಣೆ ರಂಗೋಲಿಯ ಮೇಲೆಲ್ಲ ಹರಿಯಿತು.

ವಿಜಯದಶಮಿಯ ದಿನ ಮಿಸ್ತ್ರಿಯನ್ನು ಕರೆಸಿ, ಊರಿನ ಜನರನ್ನೂ ಬಸ್ಸು ಲಾರಿ ಡ್ರೈವರುಗಳನ್ನೂ ಸೇರಿಸಿ, ಅಂಗಳದಲ್ಲಿ ನಿಲ್ಲಿಸಿಕೊಂಡು ಬೈದರು. "ಕೆಲ್ಸ ಬರ್ದ ಕಳ್ ನನ್ಮಗ ನನ್ ಕಾರ್ ಆಳು ಮಾಡ್ಬುಟ್ಟ. ಇನ್ಮೇಲೆ ಇವನ ಶೆಡ್ಡಿಗೆ ಯಾವನೂ ಓಗಕೂಡ್ದು!"

ಡ್ರೈವರುಗಳು ತಲೆಯಾಡಿಸಿದರು. ಹೆಸರು ಕೆಟ್ಟರೆ ಮಿಸ್ತ್ರಿಯ ಒಲೆ ಉರಿಯುವುದು ಹೇಗೆ? ಅವನು ನನ್ನ ಕಡೆ ತಿರುಗಿದ. "ಮೇಷ್ಟ್ರೇ, ನೀವು ಕೇಳುಸ್ಕಂಡ್ರಲ್ಲ. ಯೋಳಿ."

ಶಾಲೆಯ ಕಟ್ಟಡ ಸ್ವಾಮಿಗಳದು. ನಾನು ನೆಲ ನೋಡಿದೆ. ಥೂ, ನನ್ನ ಜನ್ಮಕ್ಕಿಷ್ಟು! ಈ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ.

ಮಿಸ್ತ್ರಿ ಕಾರಿನ ಹತ್ತಿರ ಹೋದ. ಸ್ಟೇರಿಂಗಿನಲ್ಲಿ ಕಡ್ಡಿಗಳಿರಲಿಲ್ಲ. ಹುಡುಕಿದ. ಬಾನೆಟ್ಟಿನ ಮೇಲೆ ಸೇವಂತಿಗೆ ಹಾರ ಜಾರದಿರಲೆಂದು ಮನೆಯವರು ಅವನ್ನೇ ಚುಚ್ಚಿದ್ದರು, ದಾರದ ಸಮೇತ. ಎಳೆದು ತೆಗೆದು ಬಾನೆಟ್ಟಿನ ಮೇಲೆ ಪಕ್ಕಪಕ್ಕ ನಿಲ್ಲಿಸಿದ. ಒಂದು ಕಡ್ಡಿ ಬೆರಳಗಲ ಗಿಡ್ಡ.

"ಬರ್ದು ಕೊಟ್ಟೇ ಓಗಿದ್ದೆ ಬುದ್ಧೀ. ನಂಗ್ ಬರ್ಯಕೆ ಬರೋದು ಇಷ್ಟೇಯ. ಓದಕೆ ಬರ್ನಿಲ್ವಾ ನಿಮ್ಗೆ?"

ಲಾರಿ ಡ್ರೈವರ್ ಒಬ್ಬ ಮುಂದೆ ಬಂದು ಆ ಸಂದಿಗೆ ತನ್ನ ಬೆರಳು ಹಿಡಿದು ನೋಡಿದ. ಆಮೇಲೆ ಇನ್ನೊಬ್ಬ. "ಪೂಜೆ ಕಡ್ಡಿ ಮುಟ್ತೀಯೇನ್ಲಾ!" ಎಂದು ಸ್ವಾಮಿಗಳು ಕೂಗಿದರು, ಯಾರೂ ಅತ್ತ ತಿರುಗಲಿಲ್ಲ.

ತಿಂಗಳ ಮೇಲೆ ಪುಟ್ಟಮಾದಯ್ಯ ಶೆಡ್ಡಿಗೆ ಬಂದು, ಹಬ್ಬದ ದಿನ ನಡೆದದ್ದನ್ನೆಲ್ಲ ಹೇಳಿ, ಕೇಳಿದಷ್ಟು ಕೊಡುತ್ತಾರಂತೆ, ಕಾರು ಸರಿಮಾಡು ಎಂದ.

"ದುಡ್ಡು ಬ್ಯಾಡ ಕಣಣ್ಣ. ಅದೇ ಅಂಗಳದಲ್ಲಿ, ಅದೇ ಜನದ ಮುಂದೆ, ತಪ್ಪು ನಂದು ಅಂತ ಒಂದು ಮಾತಾಡ್ಲಿ. ಅವತ್ತೇ ಬತ್ತೀನಿ."

ಆ ಮಾತು ಬರಲಿಲ್ಲ. ಕಾರಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆಯಿಟ್ಟವು. ಸ್ವಾಮಿಗಳು ಗುಂಡ್ಲುಪೇಟೆಯ ತಾಲ್ಲೂಕು ಕಚೇರಿಗೆ ಎತ್ತಿನ ಗಾಡಿಯಲ್ಲಿ ಓಡಾಡತೊಡಗಿದರು.

ಮರುವರ್ಷದ ಮಳೆಗಾಲದಲ್ಲಿ ಒಂದು ದಿನ ನಾನು ಶೆಡ್ಡಿನಲ್ಲಿ ಸೈಕಲ್ ರಿಪೇರಿಗೆ ಕೊಟ್ಟು ಕೂತಿದ್ದೆ. ಎದುರಿಗೇ ಅವರ ಗಾಡಿಯ ಚಕ್ರ ಕೆಸರಿನಲ್ಲಿ ಹೂತುಕೊಂಡಿತು. ಎತ್ತುಗಳು ಮಂಡಿಯೂರಿದವು. ಸ್ವಾಮಿಗಳು ಇಳಿಯಲಿಲ್ಲ. ಮಿಸ್ತ್ರಿ ಕೈಯ ಎಣ್ಣೆ ಒರೆಸಿಕೊಂಡು ಎದ್ದು ಹೋಗಿ ಹಿಂದಿನಿಂದ ಹೆಗಲು ಕೊಟ್ಟ. ನಾನೂ ಓಡಿ ಇನ್ನೊಂದು ಚಕ್ರ ಹಿಡಿದೆ.

ತಳ್ಳುವ ಮೊದಲು ಅವನು ತಲೆಯೆತ್ತಿ ಕೇಳಿದ.

"ಇದು ಎತ್ತಿನ ಗಾಡೀನೇ ಅಲ್ವಾ ಬುದ್ಧೀ? ತಳ್ಬೌದಾ?"