ನಿಶ್ ಇಲ್ಲದವಳ ವ್ಯಾಪಾರ

ಈಚೆಗೆ ಒಂದು ಶಬ್ದ ಕಿವಿಗೆ ಬಿದ್ದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತದೆ. ಬೈಗುಳವೇನಲ್ಲ, ಬೈಗುಳವಾಗಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು. ಆ ಶಬ್ದ 'ನಿಶ್'. ಮಾರ್ಕೆಟಿಂಗ್ ವ್ಯಾಪಾರಕ್ಕೆ ಇಳಿದವರು ಎಲ್ಲರಿಗೂ ಕೆಲಸ ಮಾಡಿಕೊಡುತ್ತೇವೆ ಎನ್ನಬಾರದಂತೆ. ಒಂದೇ ಬಗೆಯ ಗಿರಾಕಿಗಳನ್ನು ಆರಿಸಿಕೊಂಡು ಅವರಿಗೆ ಮಾತ್ರ ಅಂಟಿಕೊಳ್ಳಬೇಕಂತೆ. ಹಲ್ಲಿನ ಡಾಕ್ಟರುಗಳಾದರೆ ಹಲ್ಲಿನ ಡಾಕ್ಟರುಗಳು, ಫ್ಲ್ಯಾಟ್ ಮಾರುವವರಾದರೆ ಫ್ಲ್ಯಾಟ್ ಮಾರುವವರು. ಹೀಗೆ ಆರಿಸಿಕೊಂಡ ಮೂಲೆಯೇ ನಿಶ್. ಅದಿಲ್ಲದೆ ದುಬೈಯಲ್ಲಿ ಅಂಗಡಿ ತೆರೆದವಳು ಬದುಕಿದ್ದೂ ಸತ್ತ ಹಾಗೆ.

ಸತ್ತ ಹಾಗೆ ಹನ್ನೊಂದು ತಿಂಗಳು ಬದುಕಿದವಳು ನಾನು. ಹದಿನೆಂಟು ವರ್ಷ ಒಂದು ಜಾಹೀರಾತು ಕಚೇರಿಯಲ್ಲಿ ಡಿಸೈನ್ ಮಾಡಿಕೊಂಡಿದ್ದೆ. ಒಂದು ಬೆಳಿಗ್ಗೆ ಅಲ್ಲಿಯ ಹುಡುಗಿಯೊಬ್ಬಳು ನನ್ನನ್ನು ಕೂರಿಸಿ, ನೀರು ಕೊಟ್ಟು, ನನ್ನ ಕುರ್ಚಿ ಇನ್ನು ಇರುವುದಿಲ್ಲವೆಂದು ನಯವಾಗಿ ಹೇಳಿದಳು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಇನ್ನೊಬ್ಬರ ಬಾಗಿಲು ತಟ್ಟುವುದು ಯಾಕೆಂದು ನನ್ನ ಹೆಸರಿನಲ್ಲೇ ಲೈಸೆನ್ಸ್ ತೆಗೆದುಕೊಂಡೆ. ಅಲ್ ಕುಸೈಸ್‌ನ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ, ಇಸ್ತ್ರಿ ಮೇಜನ್ನು ಸರಿಸಿ ನನ್ನ ಮೇಜು ಹಾಕಿದೆ. ದೇರಾದ ಟ್ರೇಡಿಂಗ್ ಕಂಪೆನಿಯಲ್ಲಿರುವ ನನ್ನ ಗಂಡ ಒಳ್ಳೆಯ ಮನುಷ್ಯ, ಆದರೆ ಕರಾರಿನ ಮನುಷ್ಯ. "ಒಂದು ವರ್ಷ ನೋಡು. ಲೈಸೆನ್ಸ್ ರಿನ್ಯೂ ಮಾಡುವ ಹೊತ್ತಿಗೆ ಖಾಯಂ ಗಿರಾಕಿ ಆಗದಿದ್ದರೆ ಖಲಾಸ್. ನಮ್ಮ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಗೆ ಕೂತುಕೋ," ಎಂದಿದ್ದರು. ಒಪ್ಪಿದ್ದೆ. ಒಪ್ಪುವಾಗ ವರ್ಷವೆಂಬುದು ಬಹಳ ದೊಡ್ಡದಾಗಿ ಕಾಣುತ್ತದೆ.

ನನ್ನ ದುರವಸ್ಥೆ ನೋಡಿ ಮಗಳು ಆನ್‌ಲೈನ್ ಗುರುವೊಬ್ಬನನ್ನು ಹುಡುಕಿಕೊಟ್ಟಳು. "ಅಮ್ಮಾ, ಯು ಜಸ್ಟ್ ನೀಡ್ ಎ ನಿಶ್," ಎಂದಳು. ಜ್ವರಕ್ಕೆ ಮಾತ್ರೆ ಹೇಳುವಷ್ಟು ಸಲೀಸಾಗಿ. ಗುರುವಿಗೆ ನನ್ನ ಅರ್ಧ ವಯಸ್ಸು. ಪ್ರತಿ ಶನಿವಾರ ಒಂದು ಬಿಳಿ ಕಾರಿಗೆ ಒರಗಿ ಪಾಠ ಮಾಡುತ್ತಿದ್ದ. ಕಾರು ಅವನದಲ್ಲವೆಂದು ನನ್ನ ಅನುಮಾನ. ಒಮ್ಮೆಯೂ ಅದರ ಬಾಗಿಲು ತೆರೆದದ್ದನ್ನು ಕಂಡಿಲ್ಲ. "ನೋವು ಎಲ್ಲಿದೆ ನೋಡಿ, ಪರ್ಸು ಎಲ್ಲಿದೆ ನೋಡಿ. ಎರಡೂ ಸೇರುವಲ್ಲಿ ನಿಮ್ಮ ನಿಶ್ ಇದೆ," ಎನ್ನುತ್ತಿದ್ದ. ಜೇಬುಗಳ್ಳನ ಪಾಠವೂ ಬಹುಶಃ ಇದೇ ಇರಬೇಕು. ಅವನೊಂದು ಪಟ್ಟಿಯನ್ನೂ ಕೊಟ್ಟಿದ್ದ. ಎಡಕ್ಕೆ ಈ ದೇಶದ ಜನರ ಬಗೆಗಳು, ಬಲಕ್ಕೆ ಅವರ ಖರೀದಿ ಶಕ್ತಿ. ವಿಲ್ಲಾದವರ ಮುಂದೆ ಐದು ನಕ್ಷತ್ರ. ನಮ್ಮಂಥ ಫ್ಲ್ಯಾಟಿನವರಿಗೆ ಎರಡು. ಕೊನೆಯ ಸಾಲಿನಲ್ಲಿ ಲೇಬರ್ ಕ್ಯಾಂಪು. ಅದರ ಮುಂದೆ ಸೊನ್ನೆ, ಸೊನ್ನೆಯ ಪಕ್ಕದಲ್ಲಿ 'ಸ್ಕಿಪ್'.

ಪಾಠ ಕೇಳಿದವಳು ಸುಮ್ಮನೆ ಕೂರಲಿಲ್ಲ. ಮೊದಲು ಹಲ್ಲಿನ ಕ್ಲಿನಿಕ್ಕುಗಳನ್ನು ಹಿಡಿದೆ. ನಮ್ಮ ರಸ್ತೆಯೊಂದರಲ್ಲೇ ಎಷ್ಟಿವೆಯೆಂದರೆ, ಜನ ಇಲ್ಲಿಗೆ ಬರುವುದೇ ಹಲ್ಲು ಕೀಳಿಸಲಿಕ್ಕೋ ಎನಿಸಬೇಕು. ಪ್ರತಿಯೊಂದರಲ್ಲೂ ಡಾಕ್ಟರ ಭಾವಮೈದ ಮಾರ್ಕೆಟಿಂಗ್ ಮ್ಯಾನೇಜರ್! ಆಮೇಲೆ ಫ್ಲ್ಯಾಟ್ ಮಾರುವವರ ಹತ್ತಿರ ಹೋದೆ. ಅವರೇ ತಿರುಗಿ ನನಗೆ ಅಬುಧಾಬಿಯಲ್ಲಿ ಒಂದು ಫ್ಲ್ಯಾಟ್ ಮಾರಲು ನೋಡಿದರು. ಇಂದಿಗೂ ವಾರಕ್ಕೆರಡು ಸಲ ಫೋನು ಮಾಡಿ, ಮೇಡಂ ಯಾವಾಗ ನೋಡಲು ಬರುತ್ತೀರಿ ಎಂದು ಕೇಳುತ್ತಾರೆ.

ಸಿಟ್ಟು ಬಂದಾಗ ನಾನು ನಿಘಂಟು ತೆರೆಯುತ್ತೇನೆ. ಪಾತ್ರೆ ಕುಕ್ಕುವುದಕ್ಕಿಂತ ಸದ್ದು ಕಡಿಮೆ. ನಿಶ್ ಎಂದರೆ ಮೂಲದಲ್ಲಿ ಗೋಡೆಯ ಗೂಡಂತೆ, ಮೂರ್ತಿಯನ್ನೋ ದೀಪವನ್ನೋ ಇಡುವುದಕ್ಕೆ ಮಾಡಿದ್ದು. ಇಷ್ಟೇನಾ! ನನ್ನ ಅಜ್ಜಿಯ ಕೋಣೆಯಲ್ಲೂ ಒಂದು ಗೂಡಿತ್ತು. ಅದರಲ್ಲಿ ಚಿಮಿಣಿ ದೀಪ, ನಶ್ಯದ ಡಬ್ಬಿ, ಮುರಿದ ಕನ್ನಡಕ, ಹೇರ್‌ಪಿನ್ನು, ಅರ್ಧ ಬಾಚಣಿಗೆ ಎಲ್ಲ ಇರುತ್ತಿದ್ದವು. ದೀಪವೊಂದನ್ನೇ ಇಟ್ಟುಕೋ, ಬೇರೆಯವರನ್ನು ಸೇರಿಸಬೇಡ ಎಂದು ಆ ಗೂಡಿಗೆ ಯಾರೂ ಉಪದೇಶ ಮಾಡಿರಲಿಲ್ಲ. ಇನ್ನು ದೇರಾದ ಮಾರ್ಕೆಟ್ಟಿಗೆ ಬನ್ನಿ. ಒಂದು ಓಣಿಯಲ್ಲಿ ಸಾಲಾಗಿ ಕಂಬಳಿ ಅಂಗಡಿಗಳು. ಇವನಲ್ಲಿರುವ ಹುಲಿಚಿತ್ರದ ಕಂಬಳಿಯೇ ಅವನಲ್ಲಿ, ಅವನ ಹುಲಿಯೇ ಆಚೆಯವನಲ್ಲಿ. ಯಾವನಿಗೂ ನಿಶ್ ಇಲ್ಲ. ಆದರೂ ಅವರೆಲ್ಲ ಮಕ್ಕಳನ್ನು ಓದಿಸಿದ್ದಾರೆ. ನಿಶ್ ಬೇಕೆಂದು ಈಗ ಭಾಷಣ ಮಾಡುವವರು ಆ ಮಕ್ಕಳೇ ಇರಬೇಕು.

ನನಗೆ ಗಿರಾಕಿಗಳೇ ಇರಲಿಲ್ಲವೆಂದಲ್ಲ. ಬೇಕಾದಷ್ಟಿದ್ದರು, ಎಲ್ಲರೂ ಧರ್ಮಕ್ಕೆ, ಬಿಟ್ಟಿಗೆ. ಇಲ್ಲಿ ನಮ್ಮವರು ನಾಲ್ಕು ಜನ ಸೇರಿದರೆ ಒಂದು ಸಂಘ. ಸಂಘಕ್ಕೆ ಆಟ, ಊಟ, ರಕ್ತದಾನ, ಇಫ್ತಾರು. ಪ್ರತಿಯೊಂದಕ್ಕೂ ಒಂದು ಪೋಸ್ಟರು. ನಮ್ಮ ಸಂಘದ ಅಧ್ಯಕ್ಷ ಸದಾಶಿವಣ್ಣ ಫೋನು ಮಾಡುವುದೇ ಹೀಗೆ: "ಅಕ್ಕ, ಸಣ್ಣದೊಂದು ಪೋಸ್ಟರ್ ಉಂಟು ಮಾರಾಯ್ರೆ. ನಿಮಗೆ ಐದು ನಿಮಿಷದ ಕೆಲಸ." ಐದು ನಿಮಿಷವಂತೆ! ಆ ಪೋಸ್ಟರಿನಲ್ಲಿ ಮೂವತ್ತಾರು ಮುಖಗಳಿರುತ್ತವೆ. ಕಾರ್ಯಕ್ರಮ ಯಾವ ದಿನ, ಎಲ್ಲಿ ಎಂಬುದಕ್ಕೆ ಜಾಗ ಉಳಿಯದಿದ್ದರೂ ಅಡ್ಡಿಯಿಲ್ಲ, ಮುಖ ಒಂದೂ ಬಿಡುವಂತಿಲ್ಲ. ಮುಖ್ಯ ಅತಿಥಿಯ ಮುಖ ದೊಡ್ಡ ವೃತ್ತದಲ್ಲಿ, ದುಡ್ಡು ಕೊಟ್ಟವರದು ಅದಕ್ಕಿಂತ ಒಂದು ಕೂದಲೆಳೆ ಚಿಕ್ಕದು, ಉಳಿದವರೆಲ್ಲ ಸಮ. ಮಾತು ಬಿಟ್ಟವರು ಅಕ್ಕಪಕ್ಕ ಬರಬಾರದು. ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆಂಬುದು ತಿಂಗಳಿಗೊಮ್ಮೆ ಬದಲಾಗುತ್ತದೆ, ಅದನ್ನೂ ನಾನೇ ತಿಳಿದುಕೊಂಡಿರಬೇಕು. ಒಬ್ಬರು ತಮ್ಮ ಮದುವೆಯ ಫೋಟೋ ಕತ್ತರಿಸಿ ಕಳುಹಿಸಿದರು; ಮೂಲೆಯಲ್ಲಿ ಹೆಂಡತಿಯ ಜಡೆ ಹಾಗೇ ಉಳಿದಿತ್ತು. ಇನ್ನೊಬ್ಬರ ಪತ್ನಿ ಸ್ಕೇಲಿಟ್ಟು ಅಳೆದು, ಉಪಾಧ್ಯಕ್ಷರಾದ ತಮ್ಮ ಗಂಡನ ತಲೆ ಖಜಾಂಚಿಯ ತಲೆಗಿಂತ ಚಿಕ್ಕದಾಗಿದೆಯೆಂದು ನನಗೆ ಫೋನು ಮಾಡಿದರು. ತಲೆ ಇದ್ದಷ್ಟೇ ಬರುತ್ತದಮ್ಮ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ, ಸರಿಪಡಿಸಿದೆ.

ಹನ್ನೊಂದನೆಯ ತಿಂಗಳು ನಾನು ಸೆಟೆದು ನಿಂತೆ. ಈ ದೇಶದಲ್ಲಿ ಮೂವತ್ತಾರು ಮುಖಗಳನ್ನು ಜಗಳವಿಲ್ಲದೆ ಕೂರಿಸಬಲ್ಲವಳು ನಾನೊಬ್ಬಳೇ ಇರಬೇಕು, ಇದೇ ನನ್ನ ನಿಶ್, ಇನ್ನು ರೇಟು ಹಾಕುತ್ತೇನೆ ಎಂದು ಸದಾಶಿವಣ್ಣನಿಗೆ ತಿಳಿಸಿದೆ. ಅವರಿಗೆ ಆಘಾತವಾಯಿತು. "ಎಂತ ಅಕ್ಕ, ಸಂಘಕ್ಕೂ ಬಿಲ್ಲಾ? ನಾವು ನಿಮ್ಮನ್ನು ಮನೆಯವರು ಅಂತ ತಿಳ್ಕೊಂಡದ್ದು," ಎಂದರು. ಮುಂದಿನ ಪೋಸ್ಟರನ್ನು ಅವರ ಅಳಿಯ ಫೋನಿನ ಯಾವುದೋ ಆ್ಯಪಿನಲ್ಲಿ ಮಾಡಿ ಬಿಟ್ಟ. ಆ ಯಂತ್ರ ಮೂವತ್ತಾರು ಮುಖಗಳನ್ನೂ ತಿಕ್ಕಿ ತೀಡಿ ಹೊಳೆಯಿಸಿತ್ತು. ಖಜಾಂಚಿಗೆ ಹಣೆಯವರೆಗೆ ಕೂದಲು ಬಂದಿತ್ತು. ಈಗ ಶುರುವಾಗುತ್ತದೆ ಗಲಾಟೆ, ಓಡಿಬರುತ್ತಾರೆ ನನ್ನ ಬಳಿಗೆ ಎಂದು ಕಾದು ಕೂತೆ. ಗಲಾಟೆಯೇ? ಒಬ್ಬೊಬ್ಬರೂ ತಮ್ಮ ಮುಖವನ್ನು ಕತ್ತರಿಸಿ ವಾಟ್ಸ್ಯಾಪ್ ಡಿಪಿ ಮಾಡಿಕೊಂಡರು! ಅಳಿಯನಿಗೆ ಶಾಲು ಹೊದಿಸಿದರು. ಹದಿನೆಂಟು ವರ್ಷದ ನನ್ನ ಕೈಚಳಕ ಒಂದು ಮಧ್ಯಾಹ್ನದಲ್ಲಿ ನೀರುಪಾಲಾಯಿತು. ಆ ಇಡೀ ವಾರ ನಿಘಂಟು ಸಾಲದೆ ಪಾತ್ರೆ ಕುಕ್ಕಿದೆ. ಗಂಡ ಮಾತ್ರ ಮೆಲ್ಲಗೆ, ರಿಸೆಪ್ಷನ್ ಕೆಲಸಕ್ಕೆ ಡಾಕ್ಟರು ಉತ್ತರ ಕೇಳುತ್ತಿದ್ದಾರೆ ಎಂದರು. ಲೈಸೆನ್ಸಿಗೆ ಉಳಿದದ್ದು ಹತ್ತು ದಿನ.

ಆಗ ಬಂದವನು ಹಸನಬ್ಬ. ಮುಹೈಸ್ನಾದಲ್ಲಿ, ಎಲ್ಲರ ಬಾಯಲ್ಲಿ ಸೋನಾಪುರವೆಂದೇ ಆಗಿಹೋದ ಕಾರ್ಮಿಕರ ಕ್ಯಾಂಪಿನಲ್ಲಿ, ಕಂಪೆನಿಯ ಬಸ್ಸು ಓಡಿಸುವವನು. ಜನರನ್ನು ಸೈಟಿಗೆ ಇಳಿಸಿ, ಸಂಜೆ ಕರೆತರುವ ಮೊದಲು ಸಿಕ್ಕ ಬಿಡುವಿನಲ್ಲಿ ಬಂದಿದ್ದ. ದೇರಾದ ಪ್ರಿಂಟಿಂಗ್ ಅಂಗಡಿಯವರು ನನ್ನ ವಿಳಾಸ ಕೊಟ್ಟಿದ್ದರು.

"ಅಕ್ಕ, ನಮ್ಮ ರೂಮಿನ ಮೋನಪ್ಪಣ್ಣ ಬರುವ ಶುಕ್ರವಾರ ಊರಿಗೆ ಹೋಗ್ತಾರೆ. ಇಪ್ಪತ್ತೆರಡು ವರ್ಷ ಆಯ್ತು, ಇನ್ನು ಬರುದಿಲ್ಲ, ಖಲಾಸ್. ಅವರಿಗೆ ಒಂದು ಪೋಸ್ಟರ್ ಆಗ್ಬೇಕು. ದೊಡ್ಡವರಿಗೆ ಮಾಡ್ತಾರಲ್ಲ, ಹಾಗೇ," ಎಂದ. ಫೋನು ತೆರೆದು ಫೋಟೋಗಳನ್ನು ತೋರಿಸಿದ. ಮೋನಪ್ಪಣ್ಣನದು ಸೈಟಿನಲ್ಲಿ ತೆಗೆದದ್ದು, ಹೆಲ್ಮೆಟ್ಟು ಕಂಕುಳಲ್ಲಿ. ಉಳಿದ ಏಳು ಮಂದಿಯದು ಸ್ಟುಡಿಯೋ ಫೋಟೋ. ಏಳು ಮಂದಿಗೂ ಅದೇ ಕರಿಕೋಟು, ಅದೇ ಕೆಂಪು ಟೈ. ವೀಸಾ ಫೋಟೋ ತೆಗೆಯುವ ಅಂಗಡಿಯಲ್ಲಿದ್ದ ಕೋಟು ಅದೊಂದೇ. ನೇಪಾಳದವನಿಗೆ ಅದು ದೊಡ್ಡದಾಗಿತ್ತು, ಪೇಶಾವರದವನ ಎದೆಗೆ ಗುಂಡಿ ಕೂತಿರಲಿಲ್ಲ.

ಅಭ್ಯಾಸಬಲದಿಂದ, ಯಾರ ಮುಖ ದೊಡ್ಡದಾಗಬೇಕೆಂದು ಕೇಳಿದೆ. "ಮೋನಪ್ಪಣ್ಣಂದು. ನಾವೆಲ್ಲ ಒಂದೇ ಸೈಜ್." ಯಾರ ಪಕ್ಕ ಯಾರು? "ಒಂದೇ ರೂಮಿನಲ್ಲಿ ಮಲಗುವವರಿಗೆ ಎಂತ ಅಕ್ಕ ಅದೆಲ್ಲ? ನಿಮಗೆ ಚಂದ ಕಂಡ ಹಾಗೆ ಹಾಕಿ."

ನನ್ನ ಕಣ್ಣು ತುಂಬಿ ಬಂತು. ಉದಾರತೆ ಉಕ್ಕಿತು. "ದುಡ್ಡು ಬೇಡ ಹಸನಬ್ಬ, ನಿಮ್ಮಂಥವರಿಗೆ ಪುಕ್ಕಟೆ ಮಾಡಿಕೊಡ್ತೇನೆ," ಎಂದೆ. ಅವನು ಕೈಮುಗಿಯುತ್ತಾನೆಂದು ಕಾದೆ. ಅವನ ಮುಖ ಬಿಗಿಯಾಯಿತು.

"ಯಾಕೆ ಅಕ್ಕ? ನಾವು ಏಳು ಜನ ಸೇರಿ ದುಡ್ಡು ಹಾಕಿದ್ದೇವೆ. ನೀವು ಪುಕ್ಕಟೆ ಕೊಟ್ರೆ ನಾವು ತಪ್ಪು ತೋರಿಸ್ಲಿಕ್ಕೆ ಉಂಟಾ? ಮೋನಪ್ಪಣ್ಣನ ಮೂಗು ಓರೆ ಬಂದ್ರೂ ಚಂದ ಆಯ್ತು ಅಂತ ಹೇಳ್ಬೇಕು. ಹಾಗೆ ಬೇಡ. ರೇಟ್ ಹೇಳಿ."

ಹನ್ನೊಂದು ತಿಂಗಳು ಜಗತ್ತಿನ ಮೇಲೆಲ್ಲ ಸಿಟ್ಟು ಮಾಡಿದವಳಿಗೆ ಆ ಕ್ಷಣ ನನ್ನ ಮೇಲೆಯೇ ಸಿಟ್ಟು ಬಂತು. ಇವರ ಕೈಯಲ್ಲಿ ಕೊಡಲು ಆಗುವುದಿಲ್ಲ ಎಂದಿದ್ದ ಆ ಬಿಳಿ ಕಾರಿನ ಗುರು. ಇವರು ಕೊಡುವುದೇ ಬೇಡ ಎಂದೆ ನಾನು. ಅವನು ಸೊನ್ನೆ ಬರೆದ, ನಾನು ಅದೇ ಸೊನ್ನೆಯನ್ನು ಕಣ್ಣೀರಿನಲ್ಲಿ ಅದ್ದಿ ಕೊಟ್ಟೆ. ನಮ್ಮಿಬ್ಬರಲ್ಲಿ ನನಗೇ ನಾಚಿಕೆ ಹೆಚ್ಚು ಆಗಬೇಕು; ಅವನಾದರೂ ಮುಖಾಮುಖಿ ಹೇಳಿರಲಿಲ್ಲ.

ಸಂಘಕ್ಕೆ ಹೇಳಿದ್ದ ರೇಟನ್ನೇ ಹೇಳಿದೆ. ಹಸನಬ್ಬ ಕುರ್ಚಿಯಿಂದ ಎದ್ದೇ ನಿಂತ.

"ಯಾ ರಬ್ಬೇ! ಅಷ್ಟರಲ್ಲಿ ಮೋನಪ್ಪಣ್ಣನನ್ನು ಎರಡು ಸಲ ಊರಿಗೆ ಕಳಿಸ್ಬಹುದಲ್ಲ!"

"ಹಾಗಾದ್ರೆ ಫೋನಿನ ಆ್ಯಪಿನಲ್ಲಿ ಮಾಡಿ. ಅದು ಪುಕ್ಕಟೆ," ಎಂದೆ. ನನಗೂ ಈಗ ಹುರುಪು ಬಂದಿತ್ತು.

"ಮಾಡಿ ನೋಡಿದೆವು ಅಕ್ಕ. ಮೋನಪ್ಪಣ್ಣ ಸಿನೆಮಾದ ಹೀರೋ ಆಗಿ ಬಂದ್ರು. ಇಪ್ಪತ್ತೆರಡು ವರ್ಷ ಬಿಸಿಲಿನಲ್ಲಿ ನಿಂತದ್ದು ಎಲ್ಲಿಗೆ ಹೋಯ್ತು? ಅವರೇ ನೋಡಿ, ಇದು ಯಾರು ಅಂತ ಕೇಳಿದ್ರು."

ನಾನು ಸ್ವಲ್ಪ ಇಳಿದೆ. ಅವನು ಸ್ವಲ್ಪ ಏರಿದ. ನಾನು ಇನ್ನು ಆಗುವುದಿಲ್ಲ ಎಂದೆ. ಅವನು ಹೊರಟವನ ಹಾಗೆ ಬಾಗಿಲವರೆಗೆ ಹೋಗಿ, ಚಪ್ಪಲಿಗೆ ಒಂದು ಕಾಲು ತೂರಿಸಿ, ಅಲ್ಲಿಂದಲೇ ಹೇಳಿದ: "ನಮ್ಮ ಕ್ಯಾಂಪಿನಲ್ಲಿ ತಿಂಗಳು ತಿಂಗಳು ನಾಲ್ಕೈದು ಜನ ಖಲಾಸ್ ಆಗಿ ಹೋಗ್ತಾ ಇರ್ತಾರೆ. ಇದು ಚಂದ ಆದ್ರೆ ಎಲ್ಲರೂ ನಿಮ್ಮ ಹತ್ರವೇ ಬರುದು. ಅದಕ್ಕೇ ರೇಟ್ ಸರಿ ಮಾಡಿ ಅಂತ ಹೇಳುದು ನಾನು." ಅರ್ಧ ಗಂಟೆ ಹೀಗೆ ಹಗ್ಗ ಜಗ್ಗಿದೆವು. ಚಹಾ ಕುಡಿದು ಮತ್ತೆ ಜಗ್ಗಿದೆವು. ಆ ಇಡೀ ವರ್ಷದಲ್ಲಿ ನನ್ನೊಡನೆ ಚೌಕಾಸಿ ಮಾಡಿದವನು ಅವನೊಬ್ಬನೇ. ಮಿಕ್ಕವರು ಒಂದೋ ಪುಕ್ಕಟೆ ಕೇಳಿದ್ದರು, ಇಲ್ಲ ಉತ್ತರವನ್ನೇ ಕೊಟ್ಟಿರಲಿಲ್ಲ. ವ್ಯಾಪಾರಿಯೆಂದು ಒಬ್ಬರು ನನ್ನನ್ನು ನಂಬಿದರೆ ಮೈಗೆ ಹೇಗೆ ಕಸು ಬರುತ್ತದೆಂದು ನನಗೆ ಅಂದೇ ತಿಳಿದದ್ದು. ಕೊನೆಗೆ ಒಂದು ಬೆಲೆಗೆ ಇಬ್ಬರೂ ಗೊಣಗುತ್ತ ಒಪ್ಪಿದೆವು.

ಪೋಸ್ಟರು ಕಳುಹಿಸಿದೆ. ಹಸನಬ್ಬ ಏಳು ತಪ್ಪು ತೋರಿಸಿದ. ಮೋನಪ್ಪಣ್ಣನ ಹುಬ್ಬಿನ ಮೇಲಿನ ಗಾಯದ ಗೆರೆಯನ್ನು ನಾನು ಚಂದ ಕಾಣಲೆಂದು ಅಳಿಸಿದ್ದೆ. ಅದನ್ನು ವಾಪಸು ಹಾಕಿಸಿದ. ಶುಕ್ರವಾರ ಅದು ಅವರ ಮೆಸ್ಸಿನ ಗೋಡೆಯ ಮೇಲಿತ್ತು. ಭಾನುವಾರ ಪಕ್ಕದ ಬಿಲ್ಡಿಂಗಿನಿಂದ ಇಬ್ಬರು ಫೋನು ಮಾಡಿದರು. ಇಬ್ಬರೂ ಮಾತು ಶುರು ಮಾಡಿದ್ದೇ ರೇಟು ಜಾಸ್ತಿಯಾಯಿತು ಎಂದು.

ಆ ಸಂಜೆ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ, "ಡಾಕ್ಟರಿಗೆ ಬೇರೆಯವರನ್ನು ನೋಡಿಕೊಳ್ಳಲಿಕ್ಕೆ ಹೇಳಿ. ನಾಳೆ ನಾನು ಲೈಸೆನ್ಸ್ ರಿನ್ಯೂ ಮಾಡಿಸ್ತೇನೆ."

ಮಗಳು ತಟ್ಟೆಯಿಂದ ತಲೆಯೆತ್ತಿದಳು. "ಸೋ ವಾಟ್ಸ್ ಯುವರ್ ನಿಶ್, ಅಮ್ಮಾ?"

"ಊರಿಗೆ ಹೋಗುವವರು," ಎಂದೆ.

ಗಂಡ ನಕ್ಕರು. "ಹಾಗಾದರೆ ಇಡೀ ದುಬೈಯೇ ನಿನ್ನ ಗಿರಾಕಿ ಆಯ್ತಲ್ಲ. ಇಲ್ಲಿ ಊರಿಗೆ ಹೋಗದವರು ಯಾರಿದ್ದಾರೆ?"

ನಗುತ್ತಲೇ ಹೇಳಿದ ಮಾತು. ಆದರೆ ಹೇಳಿದ ಮೇಲೆ ಅವರು ಕಲಸಿದ ಅನ್ನವನ್ನೇ ಮತ್ತೆ ಕಲಸಿದರು. ಆಮೇಲೆ, ನಾವಿಬ್ಬರು ಊರಿಗೆ ಹೋಗುವಾಗಿನ ಪೋಸ್ಟರಿಗೆ ಎಷ್ಟು ತೆಗೆದುಕೊಳ್ಳುತ್ತೀ ಎಂದು ಕೇಳಿದರು. ಒಂದು ಪೈಸೆ ಕಡಿಮೆ ಮಾಡುವುದಿಲ್ಲ ಎಂದೆ.