ಮೇಲಿನವಳು ಮತ್ತು ಮೇವಿಸ್

ನಮ್ಮೂರ ಮೇಲಿನ ಬಯಲಲ್ಲಿ ಕುರಿಗಳ ನಡುವೆ, ಎತ್ತರದ ತಂತಿ ಬೇಲಿಯೊಳಗೆ, ದೊಡ್ಡ ಬಿಳಿ ಗುಮ್ಮಟಗಳಿವೆ. ಅವುಗಳೊಳಗಿನ ಆಂಟೆನಾ ತಟ್ಟೆಗಳು ಆಕಾಶದ ಒಂದೇ ಜಾಗವನ್ನು ದಿಟ್ಟಿಸುತ್ತವೆ. ಅಲ್ಲಿ, ಭೂಮಿಯ ಜೊತೆಗೇ ಸುತ್ತುತ್ತ ನಿಂತಲ್ಲೇ ನಿಂತಂತಿರುವ ಒಂದು ಉಪಗ್ರಹವಿದೆ. ದೂರದ ದೇಶಗಳ ಫೋನು, ವೈರ್‌ಲೆಸ್ ಮಾತುಗಳನ್ನು ಕದ್ದು ಹಿಡಿದು ಇಲ್ಲಿಗೆ ಸುರಿಯುವುದು ಅದರ ಕೆಲಸ. ಸರ್ಕಾರವನ್ನು ಕೇಳಿದರೆ ಅಂಥದ್ದೇನೂ ಇಲ್ಲ. ನಮ್ಮವರು ಮಾತ್ರ ಅದಕ್ಕೆ ‘ಮೇಲಿನವಳು’ ಎಂದು ಹೆಸರಿಟ್ಟಿದ್ದಾರೆ. ಪಬ್ಬಿನಲ್ಲಿ ಯಾರಾದರೂ ಹೆಂಡತಿಯನ್ನು ಬೈದರೆ, "ಮೆಲ್ಲಗೆ ಬೈಯೋ, ಮೇಲಿನವಳು ಬರ್ಕೊಳ್ತಾಳೆ" ಎನ್ನುತ್ತಾರೆ.

ಮೇವಿಸ್ ಮೆಟ್‌ಕಾಫ್ ಅರಬ್ಬಿ ಕಲಿತು, ಮೇಲಿನವಳು ಹಿಡಿದುಕೊಟ್ಟ ದನಿಗಳನ್ನು ಕೇಳುತ್ತಲೇ ತಲೆ ನರೆಸಿಕೊಂಡವಳು. ಅವಳ ಗಂಡ ಕ್ಲಿಫರ್ಡ್ ಅದೇ ಬೇಲಿಯೊಳಗೆ ತಟ್ಟೆಗಳ ರಿಪೇರಿ ನೋಡಿಕೊಳ್ಳುತ್ತಿದ್ದ. ಬೇಲಿಯೊಳಗಿನವರ ಮನೆಗಳಲ್ಲಿ ಒಂದು ಕಟ್ಟಳೆಯಿದೆ: ಕೆಲಸದಿಂದ ಬಂದವರನ್ನು ‘ಇವತ್ತು ಹೇಗಿತ್ತು’ ಎಂದು ಯಾರೂ ವಿಚಾರಿಸಬಾರದು. ಮುಖ ಬಾಡಿದ್ದರೆ ಸುಮ್ಮನೆ ಟೀಗೆ ನೀರಿಡಬೇಕು. ಮದುವೆಯಾದಂದಿನಿಂದ ಇಬ್ಬರೂ ಅದನ್ನು ಮುರಿದಿರಲಿಲ್ಲ.

ಆ ಚಳಿಗಾಲ ಕ್ಲಿಫರ್ಡ್ ಪಾಳಿ ಮುಗಿಸಿ ಬಂದವನು ಅಂಗಳದಲ್ಲಿ ಕಾರು ನಿಲ್ಲಿಸಿ, ಇಳಿಯದೆ ಕೂತಿರತೊಡಗಿದ. ಅಡುಗೆಮನೆ ಕಿಟಕಿಯಿಂದ ಮೇವಿಸ್ ನೋಡುತ್ತಿದ್ದಳು. ಏನೋ ಕೆಟ್ಟದ್ದು ನಡೆದಿದೆ, ಇಲ್ಲಿಂದ ಹೋದ ಸುದ್ದಿಯಿಂದ ಎಲ್ಲೋ ಬಾಂಬು ಬಿದ್ದಿರಬೇಕು ಎಂದುಕೊಂಡಳು. ಅಂಥ ದಿನಗಳು ಅವಳಿಗೂ ಬಂದಿದ್ದವು. ನೀರಿಟ್ಟಳು.

"ಟೀ ಇದೆಯೇನೇ?" ಎನ್ನುತ್ತ ಅವನು ಒಳಗೆ ಬರುತ್ತಿದ್ದ.

"ಇದೆ. ಶುಂಠಿ ಕೇಕೂ ಇದೆ. ಬೇಡ ಅಂದ್ರೆ ನಾಯಿಗೆ ಹಾಕ್ತೀನಿ."

"ಪಾಪ, ನಾಯಿ ಏನು ತಪ್ಪು ಮಾಡ್ತು? ನನಗೇ ಕೊಡು."

ಮಾರ್ಚ್‌ನಲ್ಲಿ ಒಂದು ಸಂಜೆ ಟೀ ಆರಿದರೂ ಅವನು ಒಳಗೆ ಬರಲಿಲ್ಲ. ಮೇವಿಸ್ ಹೋಗಿ ಕಾರಿನ ಬಾಗಿಲು ತೆಗೆದಾಗ ಸ್ಟಿಯರಿಂಗ್ ಮೇಲೆ ತಲೆಯಿಟ್ಟಿದ್ದ, ಜೀವವಿರಲಿಲ್ಲ. ಹೃದಯ ತಿಂಗಳುಗಳಿಂದಲೇ ಸೋಲುತ್ತಿತ್ತು, ಅಷ್ಟು ದಿನವೂ ಅವನು ಕಾರಿನಲ್ಲಿ ಕೂತು ಉಸಿರು ತಂದುಕೊಳ್ಳುತ್ತಿದ್ದಿರಬೇಕು ಎಂದರು ಡಾಕ್ಟರು.

ಮಣ್ಣು ಮಾಡಿ ಬಂದ ಮೇಲೆ ಚಾಪೆಲ್ಲಿನ ಹಿಂದಿನ ಕೋಣೆಯಲ್ಲಿ ಟೀ, ಹ್ಯಾಮ್ ಸ್ಯಾಂಡ್‌ವಿಚ್. ಬೇಲಿಯೊಳಗಿನಿಂದ ಬಂದ ಕಪ್ಪು ಟೈ ಸಾಹೇಬ ಮೇವಿಸಳ ಪಕ್ಕ ಬಂದು ದನಿ ತಗ್ಗಿಸಿದ.

"ಕೊನೇ ದಿನಗಳಲ್ಲಿ ಕ್ಲಿಫರ್ಡ್ ಏನಾದ್ರೂ ಹೇಳಿದ್ರಾ, ಮಿಸೆಸ್ ಮೆಟ್‌ಕಾಫ್?"

"ಏನೂ ಹೇಳ್ಲಿಲ್ಲ."

"ತುಂಬಾ ಒಳ್ಳೇ ಮನುಷ್ಯ" ಎಂದ ಅವನ ಮುಖ ಹಗುರಾಯಿತು. ಇನ್ನೊಂದು ಸ್ಯಾಂಡ್‌ವಿಚ್ ಎತ್ತಿಕೊಂಡ. ಪಕ್ಕದಲ್ಲೇ ನಿಂತಿದ್ದ ನಾನು ಇದನ್ನು ನೋಡಿದ್ದೇನೆ. ಗಂಡ-ಹೆಂಡಿರಿಬ್ಬರ ಬಾಯಿಗೂ ಬೀಗ ಹಾಕಿ, ಮಣ್ಣು ಮಾಡಿದ ದಿನವೇ ಬಂದು ಆ ಬೀಗ ಜಗ್ಗಿ ನೋಡುವ ಇವರು ಅದನ್ನು ದೇಶರಕ್ಷಣೆ ಎನ್ನುತ್ತಾರೆ. ಯಾರ ದೇಶ, ಯಾರ ರಕ್ಷಣೆ?

ಹೋದ ವಾರ ಮೇವಿಸ್, ಊರಿನ ಪತ್ರಿಕೆಗೆ ಬರೆಯುವ ನನ್ನನ್ನು ತನ್ನ ಅಡುಗೆಮನೆಗೆ ಕರೆದು ಕೂರಿಸಿಕೊಂಡಳು.

"ನಾನು ಕದ್ದು ಕೇಳ್ತಿದ್ದವರಲ್ಲಿ ಮರಳುಗಾಡಿನ ಊರಿನ ಒಬ್ಬ ಸೇನಾಧಿಕಾರಿ ಇದ್ದ. ಮಾತಿನ ಮಧ್ಯೆ ಉಸಿರು ಎಳ್ಕೊಳ್ತಿದ್ದ. ಇವನ ಎದೆ ಸರಿಯಿಲ್ಲ ಅಂತ ವರದಿ ಕೊಟ್ಟೆ. ಶಹಬ್ಬಾಸ್ ಅಂದ್ರು. ಇದನ್ನ ಬರಿ ನೀನು. ಜೈಲಿಗೆ ಹಾಕೋದಾದ್ರೆ ಹಾಕ್ಲಿ."

"ಕ್ಲಿಫರ್ಡ್ ಉಸಿರು ಗೊತ್ತಾಗ್ಲಿಲ್ವಾ, ಮೇವಿಸ್?"

ಅವಳು ಕಿಟಕಿಯ ಕಡೆ ತಿರುಗಿದಳು. ಕಾರು ಅಲ್ಲೇ ಇತ್ತು.

"ಗೊತ್ತಾಗಿತ್ತು ಕಣೋ. ಈ ಮೇಜಿನ ಆಚೆ ಕೂತು ಅದೇ ಥರ ಎಳ್ಕೊಳ್ತಿದ್ದ. ಆಫೀಸಿಂದು ಏನೋ ಇರ್ಬೇಕು ಅಂತ ಇನ್ನೊಂದು ಲೋಟ ಟೀ ಬಗ್ಗಿಸಿದೆ."